ಎರಡು ಮನೆ, ಒಂದು ಚೀಟಿ

ಬೇಕಪ್ ಊರಿನ ಏರುಬೀದಿಯಲ್ಲಿ ಐವಿ ಆಶ್ವರ್ತಳಿಗೆ ಎರಡು ಮನೆ ಇದ್ದವು. ಒಂದಕ್ಕೊಂದು ಅಂಟಿಕೊಂಡ ಕಲ್ಲಿನ ಮನೆಗಳು. ಕೆಳಗಿನದರಲ್ಲಿ ಅವಳೂ ಗಂಡ ವಿಲ್ಫನೂ ಇದ್ದರು. ಮೇಲಿನದು ಅತ್ತೆಯ ಮನೆ. ಅತ್ತೆ ತೀರಿಕೊಂಡ ಮೇಲೆ ಅದನ್ನು ಬಾಡಿಗೆಗೆ ಕೊಟ್ಟಿದ್ದರು. ಎರಡಕ್ಕೂ ನಡುವೆ ಒಂದೇ ಗೋಡೆ. ಆ ಗೋಡೆಯ ಈಚೆ ಮಗ್ಗುಲಿಗೆ ಒಂದು ಅಗ್ಗಿಷ್ಟಿಕೆ, ಆಚೆ ಮಗ್ಗುಲಿಗೆ ಇನ್ನೊಂದು, ಬೆನ್ನಿಗೆ ಬೆನ್ನು ಕೊಟ್ಟು ಕೂತ ಹಾಗೆ.

ಅತ್ತೆ ಬದುಕಿದ್ದಾಗ ಟೀ ಬೇಕಾದರೆ ಎದ್ದು ಬರುತ್ತಿರಲಿಲ್ಲ. ಕೂತಲ್ಲಿಂದಲೇ ಕೆಂಡ ಕೆದಕುವ ಸಲಾಕೆ ತೆಗೆದು ಅಗ್ಗಿಷ್ಟಿಕೆಯ ಪಕ್ಕದ ಕಲ್ಲಿಗೆ ಎರಡು ಸಲ ಕುಟ್ಟುತ್ತಿದ್ದಳು. ಟಕ್, ಟಕ್. ಅಂದರೆ ‘ಬಾ’. ಈಚೆಯಿಂದ ಐವಿ ತಿರುಗಿ ಎರಡು ಸಲ ಕುಟ್ಟಿದರೆ ‘ಬಂದೆ’. ಆ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಅದೇ ರೂಢಿ. ಕಲ್ಲಿದ್ದಲು ಹೋಗಿ ಅಗ್ಗಿಷ್ಟಿಕೆಯಲ್ಲಿ ಗ್ಯಾಸಿನ ಬೆಂಕಿಗೂಡು ಬಂದಾಗ ಕೆದಕುವುದಕ್ಕೆ ಕೆಂಡವೇ ಉಳಿಯಲಿಲ್ಲ, ಆದರೂ ಸಲಾಕೆಯನ್ನು ಮಾತ್ರ ಯಾರೂ ಬಿಸಾಡಲಿಲ್ಲ. ಕುಟ್ಟುವುದಕ್ಕೆ ಬೇಕಲ್ಲ!

ಅತ್ತೆಯ ಮನೆಗೆ ಪೌಲಿನ್ ಬಾಡಿಗೆಗೆ ಬಂದಳು. ಶಾಲೆಯಲ್ಲಿ ಮಕ್ಕಳಿಗೆ ಊಟ ಬಡಿಸುವ ಕೆಲಸದವಳು, ಗಂಡನನ್ನು ಬಿಟ್ಟವಳು, ಬಾಯಿ ಜೋರು, ಮನಸ್ಸು ಒಳ್ಳೆಯದು. ಐವಿ ಅವಳ ಮನೆಗೆ ಹೋದರೆ ಮಾತು ಮುಗಿಯುತ್ತಿರಲಿಲ್ಲ. ಆಗ ಈಚೆಯಿಂದ ವಿಲ್ಫ್ ಕುಟ್ಟುತ್ತಿದ್ದ.

“ಐವಿ ಆಂಟಿ, ನಿಮ್ಮ ಯಜಮಾನ್ರು ಕರೀತಿದ್ದಾರೆ,” ಎಂದು ಪೌಲಿನ್ ನಗುತ್ತಿದ್ದಳು.

“ಕರೀಲಿ ಬಿಡು. ಅವರಮ್ಮ ಹೋಗ್ತಾ ಮನೆ ಬಿಟ್ರೆ ಆಸ್ತಿ ಅಂತ ಕೊಟ್ಟಿದ್ದು ಆ ಸಲಾಕೆ ಒಂದೇ, ಬಳಸಿಕೊಳ್ಳಲಿ,” ಎಂದು ಐವಿ ಹೇಳುತ್ತಿದ್ದಳು. ಹೇಳಿ, ತಿರುಗಿ ಎರಡು ಕುಟ್ಟಿ, ಎದ್ದು ಹೋಗುತ್ತಿದ್ದಳು. ಟೀಗೆ ಮೂರು ಚಮಚ ಸಕ್ಕರೆ ಬೇಕು ವಿಲ್ಫನಿಗೆ. ಡಾಕ್ಟರು ಎಷ್ಟು ಬೈದರೂ ಮೂರು.

ಗಂಡ ಹೆಂಡತಿ ಇಬ್ಬರೂ ಕೆಳಗಿನ ಬೀದಿಯ ಚಪ್ಪಲಿ ಕಾರ್ಖಾನೆಯಲ್ಲಿ ದುಡಿದವರು. ಮನೆಯೊಳಗೆ ಹಾಕಿಕೊಳ್ಳುವ ಮೆತ್ತನೆಯ ಚಪ್ಪಲಿ. ಐವಿ ಹೊಲಿಗೆಯಲ್ಲಿ, ವಿಲ್ಫ್ ಕತ್ತರಿಸುವುದರಲ್ಲಿ. ದಪ್ಪ ಉಣ್ಣೆಯ ಹಾಸನ್ನು ಅಡಿಯ ಆಕಾರಕ್ಕೆ ಅವನು ಕತ್ತರಿಸಿದರೆ ಅಂಚಿನಲ್ಲಿ ಒಂದು ಎಳೆ ಜೋತಾಡುತ್ತಿರಲಿಲ್ಲ. ಕಾರ್ಖಾನೆ ಬಿಟ್ಟು ಬರುವಾಗ ಉಳಿದ ತುಂಡುಗಳನ್ನು ಒಂದು ಚೀಲ ತುಂಬಿಸಿಕೊಂಡು ಬಂದಿದ್ದ. ಮೇಜಿನ ಕಾಲಿನ ಕೆಳಗೆ, ಬಾಗಿಲ ಸಂದಿಗೆ, ಬೆಕ್ಕಿನ ಬುಟ್ಟಿಗೆ, ಎಲ್ಲಕ್ಕೂ ಆ ಉಣ್ಣೆ ಹಾಸೇ.

ಬಾಡಿಗೆಗೆ ಮನೆ ಕೊಟ್ಟವರು ವರ್ಷಕ್ಕೊಂದು ಸಲ ಗ್ಯಾಸಿನ ಒಲೆ, ಬಾಯ್ಲರು, ಹೊಗೆ ಹೋಗುವ ದಾರಿ, ಎಲ್ಲವನ್ನೂ ಪರವಾನಗಿ ಇರುವವನಿಂದ ನೋಡಿಸಿ ಚೀಟಿ ಪಡೆದು ಬಾಡಿಗೆಯವರ ಕೈಗೆ ಕೊಡಬೇಕು. ಅದು ಅಲ್ಲಿಯ ಕಾನೂನು. ಕೆಲವರು ಗೊಣಗುತ್ತಿದ್ದರು, ಕೆಲವರು ಮರೆತ ಹಾಗೆ ಇರುತ್ತಿದ್ದರು. ಐವಿ ಅಂಥವಳಲ್ಲ. ಕ್ರಿಸ್ಮಸ್ ಕಳೆದು ಹೊಸ ವರ್ಷ ಕಾಲಿಟ್ಟಿತೋ ಇಲ್ಲವೋ, ಗ್ಯಾಸು ನೋಡುವ ಡೆರಿಕ್ ನಟಾಲನಿಗೆ ಫೋನು ಮಾಡುತ್ತಿದ್ದಳು. ಡೆರಿಕನ ತಾಯಿ ಅವಳ ಜೊತೆ ಹೊಲಿಗೆಯಲ್ಲಿ ಕೂತವಳು. ಅವನು ಚಡ್ಡಿ ಹಾಕುವ ಕಾಲದಿಂದ ಐವಿಗೆ ಗೊತ್ತು.

ಡೆರಿಕ್ ಹೇಳಿದ್ದನ್ನೆಲ್ಲ ಅವಳು ಮೇಲಿನ ಮನೆಗೆ ಮಾಡಿಸಿದ್ದಳು. ಚಿಮಣಿಯ ಬಾಯಿಗೆ ಹಕ್ಕಿ ಗೂಡು ಕಟ್ಟದ ಹಾಗೆ ಜಾಲರಿಯ ಟೋಪಿ. ಅಗ್ಗಿಷ್ಟಿಕೆಯ ಹಿಂದೆ ಕೂರಿಸಿದ ಬಾಯ್ಲರಿಗೆ ಗಾಳಿ ಸಿಗಲೆಂದು ಹೊರಗೋಡೆಯಲ್ಲಿ ಇನ್ನಷ್ಟು ಅಗಲವಾದ ಗಾಳಿಕಿಂಡಿ. ಆ ಕಿಂಡಿಯಿಂದ ಚಳಿಗಾಳಿ ಚಾಕುವಿನ ಹಾಗೆ ಬರುತ್ತದೆಂದು ಪೌಲಿನ್ ದೂರಿದರೆ ಐವಿ ಒಪ್ಪುತ್ತಿರಲಿಲ್ಲ.

“ಇನ್ನೊಂದು ಸ್ವೆಟರ್ ಹಾಕ್ಕೋ ಚಿನ್ನ. ಅದನ್ನ ಮಾತ್ರ ಮುಚ್ಚಬೇಡ. ನನ್ನ ಮನೇಲಿದ್ದು ನಿನಗೇನಾದ್ರೂ ಆದ್ರೆ ನಾನು ಯಾರಿಗೆ ಮುಖ ತೋರಿಸ್ಲಿ?”

ತಾನಿರುವ ಮನೆಯಲ್ಲೂ ಅದೇ ಬಾಯ್ಲರು, ಅದಕ್ಕೊಂದು ಗಾಳಿಕಿಂಡಿ. ಒಬ್ಬನೇ ಬಂದು ಒಂದೇ ವಾರದಲ್ಲಿ ಎರಡೂ ಮನೆಗೆ ಕೂರಿಸಿಹೋಗಿದ್ದ. ಆದರೆ ತಮ್ಮ ಸ್ವಂತ ಮನೆಯನ್ನು ನೋಡಿಸಬೇಕೆಂದು ಯಾವ ಕಾನೂನೂ ಹೇಳುತ್ತಿರಲಿಲ್ಲ. ಪ್ರತಿ ವರ್ಷ ಚೀಟಿ ಬರೆದು ಮುಗಿಸಿ ಡೆರಿಕ್ ಕೇಳುತ್ತಿದ್ದ: “ಹೇಗೂ ಬಂದಿದ್ದೀನಿ, ನಿಮ್ಮ ಮನೇದೂ ಒಂದು ಸಲ ನೋಡಿಬಿಡ್ಲಾ?”

“ಬೇಡಪ್ಪ, ನಮ್ಮದೇನಾಗಿದೆ, ಚೆನ್ನಾಗಿದೆ. ನೀನು ಟೀ ಕುಡಿ.”

ಅವಳಿಗೆ ಗೊತ್ತಿತ್ತು, ಅವನು ಅದಕ್ಕೆ ದುಡ್ಡು ಮುಟ್ಟುವುದಿಲ್ಲ. ಗೆಳತಿಯ ಮಗ, ಬೇರೆ ಮನೆಗಳಿಗೂ ಹೋಗಬೇಕಾದವನು. ಅವನನ್ನು ಬಿಟ್ಟಿ ಕೆಲಸಕ್ಕೆ ಹಚ್ಚುವುದೆಂದರೆ ಅವಳಿಗೆ ಬೀದಿಯಲ್ಲಿ ಸೆರಗೊಡ್ಡಿದ ಹಾಗೆ. ಬೇಕಪ್ಪಿನ ಜನವೇ ಹಾಗೆ. ಕಾಲು ಮುರಿದರೂ ‘ಏನಿಲ್ಲ, ಸ್ವಲ್ಪ ಉಳುಕಿದೆ’ ಅನ್ನುವವರು. ತಮಗೋಸ್ಕರ ಇನ್ನೊಬ್ಬರು ಬಗ್ಗಬಾರದು.

ಆ ವರ್ಷ ವಸಂತದಲ್ಲಿ ಬೂದುಕತ್ತಿನ ಸಣ್ಣ ಕಾಗೆಗಳೆರಡು ಕೆಳಗಿನ ಮನೆಯ ಚಿಮಣಿಗೆ ಕಡ್ಡಿ ತಂದು ಹಾಕತೊಡಗಿದವು. ಮೇಲಿನ ಮನೆಯದಕ್ಕೆ ಜಾಲರಿ ಇತ್ತಲ್ಲ, ಇದಕ್ಕಿರಲಿಲ್ಲ. ವಿಲ್ಫನಿಗೆ ಅವು ಅಂದರೆ ಪ್ರೀತಿ. ಹಿತ್ತಿಲಲ್ಲಿ ನಿಂತು ಬ್ರೆಡ್ಡಿನ ಅಂಚು ಹರಿದು ಹಾಕುತ್ತಿದ್ದ.

“ನೋಡೇ, ಗಂಡ ಹೆಂಡತಿ ಎರಡೂ ಸೇರಿ ಸಂಸಾರ ಹೂಡ್ತಿವೆ.”

“ಬಾಡಿಗೆ ಕೇಳು ಹೋಗು,” ಅಂದಳು ಐವಿ.

ಬೇಸಿಗೆ ಕಳೆದು ಮರಿಗಳು ಹಾರಿಹೋದವು. ಕಡ್ಡಿಗಳು ಅಲ್ಲೇ ಉಳಿದವು.

ಚಳಿಗಾಲ ಕೆಟ್ಟದಾಗಿ ಬಂತು. ಗುಡ್ಡದ ಮೇಲಿನಿಂದ ಬೀಸುವ ಗಾಳಿಗೆ ವಿಲ್ಫನ ಎದೆ ಹಿಡಿದುಕೊಂಡಿತು. ಒಂದು ಮಧ್ಯಾಹ್ನ ಐವಿ ಅಂಗಡಿಯಿಂದ ಬರುವಾಗ ಅವನು ಮೊಣಕಾಲೂರಿ ಗಾಳಿಕಿಂಡಿಯ ಮುಂದೆ ಕೂತಿದ್ದ. ಉಣ್ಣೆ ಹಾಸಿನಲ್ಲಿ ಕತ್ತರಿಸಿಟ್ಟಿದ್ದ ಏಳನೇ ಅಳತೆಯ ಚಪ್ಪಲಿ ಅಡಿಗಳನ್ನು ಒಂದರ ಮೇಲೊಂದು ಮಡಿಸಿ, ಕಿಂಡಿಯೊಳಗೆ ಒತ್ತುತ್ತಿದ್ದ. ಎಲ್ಲೂ ಸಂದಿ ಇಲ್ಲ. ಕೈಗೆಲಸ ಅಂದರೆ ಅವನದು.

“ಡೆರಿಕ್ ನೋಡಿದ್ರೆ ಬೈತಾನೆ,” ಅಂದಳು ಐವಿ.

“ಡೆರಿಕ್ ನೋಡೋದು ಆ ಮನೆ. ಈ ಮನೆ ಯಾಕೆ ನೋಡ್ತಾನೆ? ನೀನೇನು ನನಗೆ ಬಾಡಿಗೆಗೆ ಕೊಟ್ಟಿದ್ದೀಯಾ?”

“ಕೊಟ್ಟಿದ್ರೆ ಎಂದೋ ಖಾಲಿ ಮಾಡಿಸ್ತಿದ್ದೆ ಮುದುಕಪ್ಪ.”

ಇಬ್ಬರೂ ನಕ್ಕರು. ಸಂಜೆ ಕೋಣೆ ನಿಜವಾಗಿಯೂ ಬೆಚ್ಚಗಾಯಿತು. “ಹೇಳಿದ್ನಲ್ಲ,” ಅಂದ ವಿಲ್ಫ್. ಅವಳೂ ಹೌದೆಂದಳು. ಕಾಲು ಚಾಚಿ ಕೂತು ನಿಟ್ಟಿಂಗ್ ಹಿಡಿದಳು.

ಅಲ್ಲಿಂದೀಚೆಗೆ ಅವನಿಗೆ ತಲೆನೋವು ಶುರುವಾಯಿತು. ಬೆಳಿಗ್ಗೆ ಎದ್ದರೆ ಅಷ್ಟಿಲ್ಲ, ಬೆಂಕಿಯ ಮುಂದೆ ಕೂತರೆ ಜಾಸ್ತಿ. ವಾಕರಿಕೆ, ಕಾಲಲ್ಲಿ ಬಲವಿಲ್ಲ. ಊರಿನಲ್ಲೆಲ್ಲ ಜ್ವರ ಓಡಾಡುತ್ತಿತ್ತು. ಡಾಕ್ಟರು ಅದೇ ಅಂದರು, ಬೆಚ್ಚಗಿರಿ ಅಂದರು. ಐವಿ ಅವನ ಕುರ್ಚಿಯನ್ನು ಬೆಂಕಿಗೆ ಇನ್ನಷ್ಟು ಹತ್ತಿರ ಎಳೆದಳು. ಬಾಗಿಲ ಕೆಳಗೆ ಕಂಬಳಿ ಸುತ್ತಿ ಇಟ್ಟಳು. ಅವನು ಬೇಕರಿಯ ತನಕ ನಡೆದು ಬಂದ ದಿನ ಮಾತ್ರ ಮುಖ ತಿಳಿಯಾಗಿರುತ್ತಿತ್ತು.

“ಹೊರಗೆ ಹೋದ್ರೆ ಸರಿಹೋಗ್ತೀನಿ, ಒಳಗೆ ಬಂದ್ರೆ ಹೀಗೆ. ನಿನ್ನ ಮುಖ ನೋಡೀನೇ ಇರಬೇಕು,” ಎಂದು ಅವನೇ ತಮಾಷೆ ಮಾಡಿದ. ಅವಳಿಗೂ ಆಗಾಗ ತಲೆ ಭಾರವಾಗುತ್ತಿತ್ತು. ತನಗೂ ಜ್ವರ ಅಂಟಿತೆಂದುಕೊಂಡಳು.

ಡೆರಿಕ್ ಬರುವ ದಿನ ಶನಿವಾರ. ನೆಲವೆಲ್ಲ ಹಿಮಗಟ್ಟಿತ್ತು. ಐವಿ ಗಂಡನ ಮುಂದಿನ ಗ್ಯಾಸಿನ ಬೆಂಕಿಯನ್ನು ಪೂರ್ತಿ ದೊಡ್ಡದು ಮಾಡಿ, ಮೊಣಕಾಲಿಗೆ ಶಾಲು ಹೊದಿಸಿ, ಕೈಗೆಟುಕುವ ಹಾಗೆ ಸಲಾಕೆ ಇಟ್ಟಳು.

“ಮೇಲಿನ ಮನೇಲಿರ್ತೀನಿ. ಏನಾದ್ರೂ ಬೇಕಾದ್ರೆ ಕುಟ್ಟು.”

“ಶುಂಠಿ ಕೇಕಿನಲ್ಲಿ ನನಗೊಂದು ತುಂಡು ಉಳಿಸು. ಆ ಡೆರಿಕ್ ಬಕಾಸುರ.”

ಅದೇ ಅವನು ಅವಳಿಗೆ ಆಡಿದ ಕೊನೆಯ ಮಾತು.

ಪೌಲಿನ್ ಮನೆಯಲ್ಲಿ ಡೆರಿಕ್ ನೆಲಕ್ಕೆ ಹಳೇ ಬೆಡ್‌ಶೀಟ್ ಹಾಸಿ, ಬೆಂಕಿಗೂಡಿನ ಮುಂಭಾಗ ಬಿಚ್ಚಿ, ಬಾಯ್ಲರಿನ ಒಳಗೆ ಕೈ ಹಾಕಿ ಕೆಲಸ ಮಾಡಿದ. ಮಾತಾಡುತ್ತಲೇ ಮಾಡಿದ. ಕೊನೆಗೆ ಹೊಗೆಕಡ್ಡಿ ಹಚ್ಚಿ ಅಗ್ಗಿಷ್ಟಿಕೆಯ ಬಾಯಿಗೆ ಹಿಡಿದ. ಬಿಳಿ ಹೊಗೆ ಒಂದು ಕ್ಷಣ ತಡೆದು, ಆಮೇಲೆ ದಾರದ ಹಾಗೆ ನೆಟ್ಟಗೆ ಮೇಲಕ್ಕೆ ಎಳೆದುಕೊಂಡು ಹೋಯಿತು.

“ನೋಡಿ, ಒಂದು ಎಳೆ ಕೋಣೆಗೆ ಬರ್ಲಿಲ್ಲ. ಊರಲ್ಲಿ ಮನೆ ಬಾಡಿಗೆಗೆ ಕೊಟ್ಟವರೆಲ್ಲ ನಿಮ್ಮ ಥರ ಇದ್ರೆ ನಾನು ನಿಶ್ಚಿಂತೆಯಾಗಿ ನಿದ್ದೆ ಮಾಡ್ತಿದ್ದೆ, ಮಿಸೆಸ್ ಆಶ್ವರ್ತ್.”

ಐವಿಗೆ ಖುಷಿಯಾಯಿತು. ಕೇಕು ಕತ್ತರಿಸಿದಳು. ಪೌಲಿನ್ ಟೀ ತಂದಳು. ಡೆರಿಕನ ಲೋಟಕ್ಕೆ ಸಕ್ಕರೆ ಹಾಕಲು ಹೋದರೆ ಅವನು ಕೈ ಅಡ್ಡ ಹಿಡಿದ. “ಒಂದು ಕಾಳೂ ಬೇಡ. ಸಿಹಿ ಟೀ ಗಂಟಲಲ್ಲಿ ಇಳಿಯೋದೇ ಇಲ್ಲ ನನಗೆ.”

ಆಗ ಗೋಡೆಯಾಚೆ ಕುಟ್ಟಿದ ಸದ್ದು. ಟಕ್, ಟಕ್.

“ಬಂತು ನೋಡಿ ತಂತಿ,” ಅಂದಳು ಪೌಲಿನ್.

“ಕೇಕಿನ ವಾಸನೆ ಗೋಡೆ ದಾಟಿ ಹೋಗಿರ್ಬೇಕು,” ಅಂದ ಡೆರಿಕ್.

ಐವಿ ಡೆರಿಕನ ಸ್ಕ್ರೂಡ್ರೈವರನ್ನೇ ಎತ್ತಿಕೊಂಡು ಕಲ್ಲಿಗೆ ಎರಡು ಸಲ ಕುಟ್ಟಿದಳು. ‘ಬಂದೆ.’ ಕುಟ್ಟಿ, ಮತ್ತೆ ಕುರ್ಚಿಯಲ್ಲಿ ಕೂತಳು. “ಸ್ವಲ್ಪ ಕಾಯಲಿ. ಈ ಮನುಷ್ಯ ಚೀಟಿ ಬರೆದು ಮುಗಿಸ್ಲಿ.”

ಪೌಲಿನ್ ಶಾಲೆಯ ಹೆಡ್‌ಮಾಸ್ತರರ ಕಥೆ ತೆಗೆದಳು. ಸಾರಿನ ಪಾತ್ರೆಯಲ್ಲಿ ಅವರ ಕನ್ನಡಕ ಬಿದ್ದದ್ದು. ಮೂವರೂ ನಕ್ಕರು. ನಗುವಿನ ನಡುವೆ ಇನ್ನೊಂದು ಕುಟ್ಟು ಬಂತು. ಒಂದೇ. ಸಣ್ಣಗೆ.

“ಒಂದಂದ್ರೆ ಏನು ಆಂಟಿ?”

“ಒಂದಂದ್ರೆ ಸಿಟ್ಟು ಬಂದಿದೆ ಅಂತ,” ಅಂದಳು ಐವಿ. ಒಂದು ಕುಟ್ಟಿಗೆ ಅರ್ಥವೇ ಇರಲಿಲ್ಲ. ಅವಳು ಆಗಲೇ ಕಟ್ಟಿಕೊಂಡು ಹೇಳಿದ್ದು.

ಡೆರಿಕ್ ಚೀಟಿ ಹರಿದು ಒಂದನ್ನು ಪೌಲಿನ್‌ಗೆ, ಒಂದನ್ನು ಐವಿಗೆ ಕೊಟ್ಟ. ಎಂದಿನ ಹಾಗೆ ಕೇಳಿದ: “ಈ ಸಲವಾದ್ರೂ ನಿಮ್ಮದನ್ನ ನೋಡ್ಲಾ?”

ಬರೀ ಬೇಡವೆನ್ನುತ್ತಿದ್ದವಳು, ಯಾಕೋ, ಈ ಸಲ ಕಾರಣವನ್ನೂ ಹೇಳಿದಳು. “ಇವತ್ತು ಬೇಡಪ್ಪ, ಅವನಿಗೆ ಹುಷಾರಿಲ್ಲ. ತಿಂಗಳಾಯ್ತು, ತಲೆನೋವು ಬಿಟ್ಟೇ ಇಲ್ಲ. ಬೆಂಕಿ ಮುಂದೆ ಬೆಚ್ಚಗೆ ಕೂರಿಸಿ ಬಂದಿದ್ದೀನಿ.”

ಡೆರಿಕ್ ಪೆನ್ನಿನ ಮುಚ್ಚಳ ಹಾಕುತ್ತಿದ್ದ ಕೈ ನಿಲ್ಲಿಸಿದ. “ಹೊರಗೆ ಹೋದ್ರೆ ಕಮ್ಮಿ ಆಗುತ್ತಾ?”

“ಆಗುತ್ತೆ. ನಿನಗೆ ಹೇಗೆ ಗೊತ್ತು?”

“ನಿಮಗೂ ತಲೆ ನೋಯುತ್ತಾ?”

“ಒಂದೊಂದ್ಸಲ. ಯಾಕೋ?”

ಅವನು ಲೋಟ ಕೆಳಗಿಟ್ಟನೋ ಬೀಳಿಸಿದನೋ, ಬಾಗಿಲು ತೆಗೆದು ಓಡಿದ. ಐವಿ ಹಿಂದೆ ಓಡಿದಳು. ಹಿಮದ ಮೇಲೆ ಕಾಲು ಜಾರಿ, ಗೋಡೆ ಹಿಡಿದು, ಅವಳು ತನ್ನ ಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಒಳಗೆ ಗಾಜು ಒಡೆದ ಸದ್ದು. ಕಿಟಕಿ ತೆಗೆಯಲು ಬಾರದೆ ಡೆರಿಕ್ ಕುರ್ಚಿಯಿಂದ ಒಡೆದಿದ್ದ.

ವಿಲ್ಫ್ ಅಗ್ಗಿಷ್ಟಿಕೆಯ ಕಡೆಗೆ ವಾಲಿಕೊಂಡಿದ್ದ. ಶಾಲು ಜಾರಿತ್ತು. ಸಲಾಕೆ ನೆಲದ ಮೇಲೆ, ಅವನ ಬೆರಳ ತುದಿಗೆ ಒಂದು ಗೇಣು ದೂರದಲ್ಲಿ. ಎಷ್ಟೋ ದಿನದಿಂದ ಬಿಳಿಚಿಕೊಂಡಿದ್ದ ಕೆನ್ನೆಗಳು ಕೆಂಪು ಕೆಂಪಾಗಿ, ಮದುವೆಯ ದಿನ ಇದ್ದ ಹಾಗೆ ಇದ್ದವು. ಐವಿಗೆ ಮೊದಲು ತೋಚಿದ್ದು, ಸದ್ಯ, ಮುಖಕ್ಕೆ ಬಣ್ಣ ಬಂತಲ್ಲ, ಗುಣವಾಗಿದೆ ಎಂದು.

ಡೆರಿಕ್ ಅವನನ್ನು ಹಿತ್ತಿಲಿಗೆ ಎಳೆದುಕೊಂಡು ಹೋಗಿ ಹಿಮದ ಮೇಲೆ ಮಲಗಿಸಿ ಎದೆ ಒತ್ತಿದ, ಬಾಯಿಗೆ ಉಸಿರು ಊದಿದ. ಆಂಬುಲೆನ್ಸು ಬರುವ ತನಕ ಬಿಡಲಿಲ್ಲ. ಬಂದವರು ಅವನ ಭುಜ ಹಿಡಿದು ಎಬ್ಬಿಸಬೇಕಾಯಿತು. ಐವಿ ಗಂಡನ ಕಾಲ ಬಳಿ ಕೂತು, ಕಳಚಿದ್ದ ಚಪ್ಪಲಿಯನ್ನು ಮತ್ತೆ ಮತ್ತೆ ತೊಡಿಸುತ್ತಿದ್ದಳು. ಚಳಿಯಲ್ಲಿ ಬರಿಗಾಲು ಅವನಿಗೆ ಆಗುವುದಿಲ್ಲ.

ಮರಣ ವಿಚಾರಣೆಯಲ್ಲಿ ಅಧಿಕಾರಿ ಸೌಮ್ಯವಾಗಿಯೇ ಮಾತಾಡಿದರು. ಚಿಮಣಿಯಿಂದ ತೆಗೆದ ಕಡ್ಡಿಗಳನ್ನು ಚೀಲದಲ್ಲಿ ತಂದಿಟ್ಟಿದ್ದರು. ಅದರ ಪಕ್ಕದಲ್ಲಿ ಉಣ್ಣೆ ಹಾಸಿನ ಅಡಿಗಳು. ಹೊಗೆ ಹೋಗಲು ದಾರಿಯಿಲ್ಲ, ಗಾಳಿ ಬರಲೂ ದಾರಿಯಿಲ್ಲ, ಬಣ್ಣವಿಲ್ಲದ ವಾಸನೆಯಿಲ್ಲದ ವಿಷಗಾಳಿ ಕೋಣೆಯಲ್ಲೇ ತುಂಬಿಕೊಂಡಿತು, ತಲೆನೋವೂ ಕೆನ್ನೆಯ ಕೆಂಪೂ ಅದರಿಂದಲೇ ಎಂದು ಬಲ್ಲವರು ವಿವರಿಸಿದರು. “ಇದು ನಿಮ್ಮ ಯಜಮಾನರೇ ಇಟ್ಟದ್ದೇ?” ಎಂದು ಅಧಿಕಾರಿ ಕೇಳಿದರು.

“ಹೌದು ಸ್ವಾಮಿ. ಅವರೇ ಕತ್ತರಿಸಿದ್ದು. ಅಂಚು ನೋಡಿ, ಬೇರೆ ಯಾರಿಗೂ ಹಾಗೆ ಬರಲ್ಲ,” ಅಂದಳು ಐವಿ.

ಆಕಸ್ಮಿಕ ಎಂದು ತೀರ್ಪಾಯಿತು. ಯಾರ ತಪ್ಪೂ ಅಲ್ಲ. ಕಾನೂನು ಮೇಲಿನ ಮನೆಗೆ ಕೇಳಿದ್ದನ್ನೆಲ್ಲ ಅವಳು ಮಾಡಿದ್ದಳು. ಕೆಳಗಿನ ಮನೆಗೆ ಅದು ಏನನ್ನೂ ಕೇಳಿರಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವ ಮಾತು ಐವಿಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ತನಗೆ ತಾನೇ ಅಂದುಕೊಳ್ಳುತ್ತಿದ್ದಳು.

ಮಣ್ಣು ಮಾಡಿ ಬಂದ ದಿನ ಚರ್ಚಿನ ಹಾಲಿನಲ್ಲಿ ಬ್ರೆಡ್ಡು, ತಣ್ಣನೆ ಮಾಂಸ, ಟೀ ಇಟ್ಟಿದ್ದರು. ಬಂದವರೆಲ್ಲ ಒಂದೇ ಮಾತು ಹೇಳಿದರು. “ಒಳ್ಳೇ ಸಾವು ಐವಿ. ನಿದ್ದೇಲೇ ಹೋದ. ಏನೂ ಗೊತ್ತಾಗಿರಲ್ಲ ಅವನಿಗೆ.”

ಅವಳು ಹೌದು ಹೌದು ಎಂದು ತಲೆಯಾಡಿಸಿದಳು. ನಿದ್ದೆಯಲ್ಲಿರುವವನು ಕುಟ್ಟುವುದಿಲ್ಲ. ಅವನು ಎದ್ದಿದ್ದ. ಕರೆದ. ಅವಳು ‘ಬಂದೆ’ ಎಂದು ಉತ್ತರ ಕೊಟ್ಟಳು. ಆ ಮಾತು ನಂಬಿಕೊಂಡೇ ಅವನು ಕಾದ. ಆಮೇಲೆ ಇನ್ನೊಂದು ಸಲ ಸಲಾಕೆ ಎತ್ತಿದ, ಎರಡನೇ ಕುಟ್ಟಿಗೆ ಕೈ ಏಳಲಿಲ್ಲ. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳಬೇಕಾದ ಇಬ್ಬರಿಗೂ ಗೊತ್ತೇ ಇತ್ತು.

ಪೌಲಿನ್ ಆ ಮೇಲೆ ಹೆಡ್‌ಮಾಸ್ತರರ ಕಥೆ ಹೇಳಲೇ ಇಲ್ಲ. ತನ್ನ ಅಗ್ಗಿಷ್ಟಿಕೆಯ ಪಕ್ಕದ ಸಲಾಕೆಯನ್ನು ಹಿತ್ತಿಲ ಕೊಟ್ಟಿಗೆಯಲ್ಲಿ ಇಟ್ಟಳು. ಡೆರಿಕ್ ದುಡ್ಡು ಮುಟ್ಟದೆ ಕೆಳಗಿನ ಮನೆಯ ಹಳೇ ಬಾಯ್ಲರು ಕಿತ್ತು ಹಾಕಿದ, ಚಿಮಣಿ ಸ್ವಚ್ಛ ಮಾಡಿಸಿದ, ಹೊಸ ಬೆಂಕಿಗೂಡು ಕೂರಿಸಿದ, ಜಾಲರಿ ಹಾಕಿಸಿದ. ಐವಿ ಬೇಡವೆನ್ನಲಿಲ್ಲ. ಒಂದು ದಿನ ಕೆಲಸದ ನಡುವೆ ಅವನು ಗೋಡೆ ನೋಡಿಕೊಂಡೇ ಅಂದ: “ನಾನು ವರ್ಷಾ ವರ್ಷ ಕೇಳಿದೆ. ಕೇಳೋದೇ ತಪ್ಪಾಯ್ತು. ಕೇಳದೆ ಒಳಗೆ ನುಗ್ಗಿ ನೋಡ್ಬೇಕಿತ್ತು.”

“ನಾನು ಒಳಗೆ ಬಿಡ್ತಿರ್ಲಿಲ್ಲ ಕಣೋ,” ಅಂದಳು ಐವಿ.

ಮುಂದಿನ ಜನವರಿ ಬಂತು. ಐವಿ ಎಂದಿನಂತೆ ಫೋನು ಮಾಡಿದಳು. “ಎರಡೂ ಮನೆ,” ಅಂದಳು, ಅಷ್ಟೇ. ಡೆರಿಕ್ ಮೊದಲು ಪೌಲಿನ್ ಮನೆಯದನ್ನು ಮುಗಿಸಿದ. ತನ್ನ ಮನೆಯ ಬೆಂಕಿಗೂಡು ಬಿಚ್ಚುವುದನ್ನು ನೋಡಲಾರದೆ ಐವಿ ಬೀಗದ ಕೈ ಅವನಿಗೆ ಕೊಟ್ಟು ಮೇಲಿನ ಮನೆಯಲ್ಲೇ ಉಳಿದಳು. ಪೌಲಿನ್ ಎದುರಿಗೆ ಕೂತು ಬಟ್ಟೆ ಮಡಿಸುತ್ತಿದ್ದಳು. ಆ ವರ್ಷ ಶುಂಠಿ ಕೇಕು ಇರಲಿಲ್ಲ. ಮಕ್ಕಳ ಊಟದ ವಿಷಯ, ಆಲೂಗಡ್ಡೆ ವಿಷಯ, ಏನೋ ಮಾತು ನಡೆದಿತ್ತು.

ಟಕ್, ಟಕ್.

ಐವಿ ಎದ್ದೇ ಬಿಟ್ಟಳು. ಆಡುತ್ತಿದ್ದ ಮಾತು ಬಾಯಲ್ಲೇ ಉಳಿಯಿತು. “ಬಂದೆ ಕಣೋ, ಬಂದೆ, ಬಂದೆ,” ಎನ್ನುತ್ತ ಕೋಟೂ ಹಾಕಿಕೊಳ್ಳದೆ, ಮನೆಯ ಚಪ್ಪಲಿಯಲ್ಲೇ ಹೊರಗೆ ಓಡಿದಳು. ಪೌಲಿನ್ ಕೈಯಲ್ಲಿದ್ದ ಟವೆಲನ್ನು ಬಾಯಿಗೆ ಒತ್ತಿಕೊಂಡಳು. ತಡೆಯಲಿಲ್ಲ.

ಕೆಳಗಿನ ಮನೆಯಲ್ಲಿ ಡೆರಿಕ್ ಮಂಡಿಯೂರಿ ಕೂತಿದ್ದ. ಬೆಂಕಿಗೂಡಿನ ಮುಂಭಾಗವನ್ನು ಮತ್ತೆ ಕೂರಿಸುವಾಗ ಅವನ ಸ್ಪಾನರು ಕಲ್ಲಿಗೆ ಎರಡು ಸಲ ತಾಗಿತ್ತು. ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತವಳ ಮುಖ ನೋಡಿದ ಮೇಲೆ ಅವನಿಗೆ ತಾನೇನು ಮಾಡಿದೆನೆಂದು ಹೊಳೆಯಿತು.

“ತಾಗಿಬಿಡ್ತು ಮಿಸೆಸ್ ಆಶ್ವರ್ತ್. ನಾನು ಬೇಕಂತ… ಅಯ್ಯೋ ದೇವರೇ.”

ಐವಿ ಖಾಲಿ ಕುರ್ಚಿ ನೋಡಿದಳು, ಅವನನ್ನು ನೋಡಿದಳು. ಬಾಗಿಲ ಚೌಕಟ್ಟು ಹಿಡಿದ ಕೈಯನ್ನು ನಿಧಾನವಾಗಿ ಬಿಟ್ಟಳು.

“ಇರ್ಲಿ ಬಿಡು. ಟೀ ಇಡ್ತೀನಿ,” ಅಂದಳು.

ಅಡುಗೆಮನೆಯಲ್ಲಿ ನೀರು ಕುದಿಯುವ ತನಕ ಅವಳು ಈಚೆ ತಿರುಗಲಿಲ್ಲ. ಆಮೇಲೆ ಗೂಟದಿಂದ ಕಂದು ಬಣ್ಣದ ದೊಡ್ಡ ಲೋಟ ತೆಗೆದಳು. ವರ್ಷದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ಸಕ್ಕರೆ ಹಾಕಿದಳು. ಒಂದು ಚಮಚ, ಎರಡು, ಮೂರು. ಚೆನ್ನಾಗಿ ಕಲಕಿ ತಂದು ಅವನ ಕೈಗೆ ಕೊಟ್ಟಳು. ಎದುರು ನಿಂತಳು.

ಡೆರಿಕ್ ಒಂದು ಗುಟುಕು ಕುಡಿದ. ಲೋಟದೊಳಗೆ ನೋಡಿದ. ಆಮೇಲೆ ತಳದಲ್ಲಿ ಉಳಿದ ಸಕ್ಕರೆಯ ತನಕ ಅಷ್ಟನ್ನೂ ಕುಡಿದು ಮುಗಿಸಿದ.